ಮೂಲೆಯಿಲ್ಲದ ಉಡುಪಿಗೆ ಅರಿಶಿನ

2005ರ ಡಿಸೆಂಬರ್, ಮೂರನೆಯ ಭಾನುವಾರ, ಬೆಳಗಿನ ಆರೂವರೆ. ಹರಪನಹಳ್ಳಿಯ ಮನೆಯಲ್ಲಿ, ನನ್ನ ಹೊಲಿಗೆ ಕೋಣೆಯೊಳಗೆ ನಾಲ್ವರಿದ್ದೆವು: ನಾನು, ನನ್ನ ತಮ್ಮ, ಅವನ ಹೆಂಡತಿ, ಅವರ ಮಗಳು. ನಡುವೆ ಸ್ಟ್ಯಾಂಡಿನ ಮೇಲೆ ಆ ಉಡುಪು. ಅದರ ಅತಿ ಎತ್ತರದ ತುದಿಯಲ್ಲಿ, ಎಲ್ಲರ ಕಣ್ಣಿಗೆ ಬೀಳುವಲ್ಲಿ, ಅರಿಶಿನದ ಬೆರಳ ಗುರುತು.

ಹುಡುಗಿ ಬೆಂಗಳೂರಿನಲ್ಲಿ ಉಡುಪು ವಿನ್ಯಾಸ ಓದುತ್ತಿದ್ದಳು. ಕೊನೆಯ ವರ್ಷ. ಮರುದಿನ ಮಧ್ಯಾಹ್ನ ಇದನ್ನು ಒಬ್ಬಳಿಗೆ ತೊಡಿಸಿ ಪರೀಕ್ಷಕರ ಮುಂದೆ ನಡೆಸಬೇಕಿತ್ತು. ಪಾಸಾಗದಿದ್ದರೆ ಮತ್ತೆ ಓದಿಸುವುದಿಲ್ಲ ಎಂದು ತಮ್ಮ ದೀಪಾವಳಿಯಲ್ಲೇ ಹೇಳಿಬಿಟ್ಟಿದ್ದ.

ತಮ್ಮನದು ಮೆಕ್ಕೆಜೋಳದ ವ್ಯಾಪಾರ. ಮನೆಯ ಹಿಂದೆಯೇ ಅವನ ಕಣ. ಅಲ್ಲಿ ಕೂತು ಹುಡುಗಿ ತೆನೆಯ ಸಿಪ್ಪೆಯನ್ನು ಒಂದೊಂದಾಗಿ ಬಿಡಿಸುತ್ತ, ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೊ ಹಿಡಿದಿದ್ದಳು. ಆ ಬಾಗುಗಳನ್ನು ಕಂಪ್ಯೂಟರಿಗೆ ಹಾಕಿ ಆಳೆತ್ತರಕ್ಕೆ ಬೆಳೆಸಿದಳು. ಲೇಸರ್ ಯಂತ್ರದಲ್ಲಿ ಬಿಳಿ ಆರ್ಗಂಡಿಯನ್ನು, ಗಂಜಿ ಹಾಕಿದಂತೆ ಸೆಟೆದು ನಿಲ್ಲುವ ತೆಳು ಬಟ್ಟೆಯನ್ನು, ಅದೇ ಅಳತೆಗೆ ಕತ್ತರಿಸಿ ತಂದಳು. ಅಂಚಿನೊಳಗೆ ಸಣ್ಣ ತಂತಿ ಕೂರಿಸಿ ಜೋಡಿಸುವ ಕೆಲಸ ಇಲ್ಲಿ ನಡೆಯಿತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿದವಳು. ಕೂದಲು ಕಟ್ಟಿ, ಕೈ ತೊಳೆದು, ಒರೆಸಿಕೊಂಡ ಮೇಲೆಯೇ ನನ್ನ ಕೋಣೆಗೆ ಕಾಲಿಡಬೇಕು. ಆ ಹುಡುಗಿ ಒಂದು ದಿನವೂ ತಪ್ಪಲಿಲ್ಲ. ಮುಗಿದಾಗ ಸಿಪ್ಪೆಗಳು ಸೊಂಟದಿಂದ ಎದ್ದು ಭುಜದ ಬಳಿ ಬಿಚ್ಚಿಕೊಂಡಿದ್ದವು. ಮೇಲಿನದು ಕಿವಿಯನ್ನು ದಾಟಿ ಹಿಂದಕ್ಕೆ ಬಾಗಿತ್ತು. ಕೊರಳ ಹತ್ತಿರ, ತೆನೆಯ ಜುಟ್ಟಿನ ಜಾಗದಲ್ಲಿ, ಬ್ಯಾಟರಿಗೆ ಹೊಳೆಯುವ ಸಣ್ಣ ಎಳೆಗಳು.

ತಮ್ಮ ದಿನವೂ ಬಾಗಿಲಲ್ಲಿ ನಿಂತು ನಗುತ್ತಿದ್ದ. “ಇದನ್ನ ಹಾಕ್ಕೊಂಡು ಬಸ್ ಹತ್ತಾಕ ಆಕ್ಕತೇನು? ಹೊಲದಾಗ ನಿಲ್ಸಿದ್ರ ಒಂದು ಗುಬ್ಬಿ ಬರಂಗಿಲ್ಲ ನೋಡು.”

ಆ ಬೆಳಿಗ್ಗೆ ನಾನು ಅವನ ಹೆಂಡತಿಯ ಕಡೆ ತಿರುಗಿದೆ. “ಯಾರು ಮುಟ್ಟಿದ್ದು?”

“ನಾನಲ್ರೀ ಅಕ್ಕಾರ. ಈ ರೂಮಿಗೆ ಬರಾಕ ನನಗ ಅಂಜಿಕಿ.” ಅಷ್ಟು ಹೇಳಿ ಅವಳು ಸಾಬೂನು ತರಲು ಹೊರಟಳು. ತಡೆದೆ. ಸಾಬೂನು ತಾಗಿದರೆ ಅರಿಶಿನ ಕೆಂಪಾಗುತ್ತದೆ. ನೀರು ತಾಗಿದರೆ ಆರ್ಗಂಡಿಯ ಬಿಗುಪು ಹೋಗುತ್ತದೆ.

ತಮ್ಮ ಗೋಡೆ ನೋಡುತ್ತ ಹೇಳಿದ: “ನಾನ ಹಚ್ಚಿದ್ದು. ಹೊಸ ಬಟ್ಟಿ ಐತಿ, ಅರಿಷ್ಣ ಹಚ್ಚಲಾರ್ದ ಕಳಿಸ್ತಾರೇನು?”

“ಮೂಲ್ಯಾಗ ಹಚ್ತಾರ. ಕಾಣಲಾರದಂಗ.”

“ಇದಕ್ಕ ಮೂಲಿ ಎಲ್ಲೈತಿ ಅಕ್ಕ? ಸುತ್ತ ಹುಡುಕಿದೆ. ಸಿಗಲಿಲ್ಲ.”

ಸೀರೆಗೆ ಸೆರಗಿನ ಮೂಲೆ ಉಂಟು, ಅಂಗಿಗೆ ಕೆಳಗಿನ ಅಂಚುಂಟು. ಇದಕ್ಕೆ ಎರಡೂ ಇರಲಿಲ್ಲ, ನಿಜ. ಆದರೆ ಹಾಗೆಂದು ನೆತ್ತಿಗೇ ಹಚ್ಚುವುದೇ?

“ಅತ್ತಿ, ಅಪ್ಪಗ ಬೈಬ್ಯಾಡ್ರಿ,” ಎಂದಳು ಹುಡುಗಿ. ಮುಖ ಬಿಳಿಚಿಕೊಂಡಿತ್ತು. ಅವಳ ಆ ಮಾತಿಗೆ ನನ್ನ ಸಿಟ್ಟು ಇಮ್ಮಡಿಯಾಯಿತು. ದೀಪಾವಳಿಯಿಂದ ಅವನ ಬಾಯಲ್ಲಿ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಮಗಳು ಅದಕ್ಕೆ ಎಷ್ಟು ಹಸಿದಿದ್ದಳೆಂದರೆ, ಈಗ ಕಲೆಯನ್ನೇ ಒಳ್ಳೆಯ ಮಾತೆಂದು ಇಟ್ಟುಕೊಳ್ಳಲು ಸಿದ್ಧಳಾಗಿದ್ದಳು.

ಉಳಿದ ದಾರಿ ಬಿಸಿಲೊಂದೇ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಸ್ಟ್ಯಾಂಡು ಸಮೇತ ಉಡುಪನ್ನು ಮಾಳಿಗೆಗೆ ಹತ್ತಿಸಿದೆವು. ಕೆಳಗೆ ಕಣದಲ್ಲಿ ಮೆಕ್ಕೆಜೋಳ ಜರಡಿ ಹಿಡಿಯುತ್ತಿದ್ದರು; ದೂಳು ನೇರ ಮೇಲಕ್ಕೆ ಬರುತ್ತಿತ್ತು.

“ಕೆಲಸ ನಿಲ್ಸು,” ಎಂದೆ.

“ಲಾರಿ ಬರ್ತೈತಿ ಅಕ್ಕ.”

“ನಿಂತ್ಕೊಳ್ಳಲಿ.”

ಕೆಲಸ ನಿಂತಿತು. ಕಣದಲ್ಲಿ ಉಳಿದ ದೂಳು ಹಾರಿ ಬಂದು ತಾಗದಂತೆ, ಗಾಳಿ ಬರುವ ಕಡೆಗೆ ಒದ್ದೆ ಪಂಚೆ ಹಿಡಿದು ನಿಲ್ಲುವಂತೆ ಅವನಿಗೇ ಹೇಳಿದೆ. ನೀರಿನ ಟ್ಯಾಂಕಿನ ನೆರಳು ಸರಿದಂತೆಲ್ಲ ನಾನೂ ಹುಡುಗಿಯೂ ಸ್ಟ್ಯಾಂಡನ್ನು ಸರಿಸಿದೆವು. ಊಟವನ್ನು ಸರದಿಯಲ್ಲಿ ಕೆಳಗೆ ಹೋಗಿ ಮಾಡಿದೆವು. ಅವನು ಪಂಚೆ ಬಿಡಲಿಲ್ಲ. ಅವನ ಸರದಿಯನ್ನು ನಾನು ಕೊಡಲೂ ಇಲ್ಲ.

ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವಲು ಬಂದ ಮುದುಕ ಕೇಳಿದ: “ಏನ್ರೀ ಸಾವ್ಕಾರ್ರ, ಯಾವ ದೇವ್ರಿಗೆ ಹಿಡ್ದೀರಿ ಪರದೆ?”

“ನಮ್ಮ ಹುಡುಗಿ ಮಾಡ್ಯಾಳ. ಮೆಕ್ಕೆಜೋಳದ ತೆನಿ ಅದು. ಕಾಣಂಗಿಲ್ಲೇನು ನಿನಗ?” ತಮ್ಮನ ದನಿಯಲ್ಲಿ ಸಿಡುಕಿತ್ತು.

ಪಕ್ಕದ ಮನೆಯವನಿಗೆ ಹೇಳಿದ. ಎರಡು ಮಾರು ದೂರದಲ್ಲಿ ನಿಂತಿದ್ದ ಮಗಳ ಕಡೆ ತಿರುಗಲಿಲ್ಲ. ನನಗೆ ಪಂಚೆ ಕಸಿದುಕೊಂಡು ಅವನ ತಲೆಗೇ ಸುತ್ತಬೇಕೆನಿಸಿತು.

ಸಂಜೆಯ ಹೊತ್ತಿಗೆ ಕಲೆ ಮಾಸಿತು. ಹತ್ತಿರ ನಿಂತು ಹುಡುಕಿದರೆ ಮಾತ್ರ ಇದೆ ಎನ್ನುವಷ್ಟು ಉಳಿಯಿತು. ಉಡುಪು ಯಾವ ಡಬ್ಬಿಗೂ ಹಿಡಿಸುವಂತಿರಲಿಲ್ಲ. ಬಸ್ಸಿನಲ್ಲಿ ಅದಕ್ಕೊಂದು ಸೀಟು, ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು.

“ನೀನ ಹೋಗು,” ಎಂದೆ ತಮ್ಮನಿಗೆ.

“ನಾನ್ಯಾಕ?”

“ಬೆರಳಿಟ್ಟಾವ ನೀನು. ಹಿಡ್ಕೊಂಡು ಕುಂದ್ರು. ಮುದುಕನ ಮುಂದ ಅಂದಿಯಲ್ಲ, ಅದನ್ನ ದಾರ್ಯಾಗ ಆಕಿಗೂ ಹೇಳು.”

ಹೊರಡುವ ಮುನ್ನ ಅವನು ಕೈ ತೊಳೆದ. ಸಾಬೂನಿಗೆ ಆ ಬೆರಳು ಕೆಂಪಾಯಿತು. ಇನ್ನೊಮ್ಮೆ ತೊಳೆಸಿದೆ, ಒಣ ಬಟ್ಟೆಯಲ್ಲಿ ಒರೆಸಿ, ತಿರುಗಿಸಿ ನೋಡಿದೆ. ಬಸ್ ನಿಲ್ದಾಣದಲ್ಲಿ ಬಿಳಿ ದುಪ್ಪಟಿ ಮುಚ್ಚಿದ ಉಡುಪನ್ನು ತಬ್ಬಿಕೊಂಡು ಅವನು ಕಿಟಕಿಯ ಬಳಿ ಕೂತ. ಪಕ್ಕದಲ್ಲಿ ಮಗಳು. ಬಸ್ಸು ಹೊರಡುವಾಗ ಅವನ ಬಾಯಿ ಆಡುತ್ತಿದ್ದುದು ಗಾಜಿನಾಚೆ ಕಂಡಿತು. ಅವಳು ಅವನ ಕಡೆ ತಿರುಗಿ ಕೂತಿದ್ದಳು. ಏನು ಹೇಳಿದನೋ ನಾನು ಎಂದೂ ಕೇಳಲಿಲ್ಲ.

ಮನೆಗೆ ಬಂದಾಗಲೂ ಸಿಟ್ಟು ಇಳಿದಿರಲಿಲ್ಲ. ತಮ್ಮನ ಹೆಂಡತಿ ಊಟಕ್ಕೆ ಕರೆದಳು; ಬರುತ್ತೇನೆ ಎಂದೆ. ನೆಲದ ಮೇಲಿನ ಗುಂಡುಪಿನ್ನುಗಳನ್ನೆಲ್ಲ ಆರಿಸಿ ಡಬ್ಬಿಗೆ ಹಾಕಿದೆ. ಕೋಣೆ ಗುಡಿಸಿದೆ. ಮೆಷಿನ್ನಿಗೆ ಎಣ್ಣೆ ಬಿಟ್ಟು, ಒರೆಸಿ, ಮುಸುಕು ಹಾಕಿದೆ.