ಬ್ರೇಕಕ್ಕನ ಡಿಕ್ಕಿಗಳು

ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ ಆಕೆಗೆ ಕಲಿಯಲು ಬಂದವರೇ ಬ್ರೇಕಕ್ಕ ಎಂದು ಹೆಸರಿಟ್ಟಿದ್ದರು. ಅವರು ಆಕ್ಸಿಲರೇಟರಿನತ್ತ ಕಾಲು ಚಾಚುವ ಮೊದಲೇ ಈಕೆ ತನ್ನ ಕಡೆಯ ಬ್ರೇಕನ್ನು ಒತ್ತಿರುತ್ತಿದ್ದಳು. ಮನೆಯಲ್ಲಿ ಟಿವಿ ನೋಡುವಾಗಲೂ ಅಷ್ಟೇ, ಯಾರಾದರೂ ಗಾಡಿಯನ್ನು ಜೋರಾಗಿ ಓಡಿಸಿದರೆ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು.

ಅವಳ ತಮ್ಮ ಮನೆ ಬದಲಾಯಿಸುವಾಗ ತನ್ನ ಹಳೇ ಕಂಪ್ಯೂಟರನ್ನೂ ಆಟದ ಸ್ಟೀರಿಂಗು, ಪೆಡಲುಗಳನ್ನೂ ಅಕ್ಕನ ಮನೆಯಲ್ಲಿ ತಂದಿಟ್ಟ. "ಇದರಲ್ಲಿ ಕಾರು ಗುದ್ದಿದ್ರೆ ನಿಜವಾಗ್ಲೂ ಆದ ಹಾಗೇ ನಜ್ಜುಗುಜ್ಜಾಗುತ್ತೆ. ಒಂದ್ಸಲ ಓಡಿಸಿ ನೋಡಕ್ಕಾ" ಎಂದು ಕೂರಿಸಿದ.

ಬ್ರೇಕಕ್ಕ ಮೊದಲು ಸೀಟ್ ಬೆಲ್ಟಿಗಾಗಿ ತಡಕಾಡಿದಳು. ನರಪಿಳ್ಳೆಯಿಲ್ಲದ ರಸ್ತೆಯಲ್ಲಿ ಇಂಡಿಕೇಟರ್ ಹಾಕಿ ತಿರುಗಿದಳು. ಕೆಂಪು ದೀಪ ಕಂಡು ನಿಂತವಳು ನಿಂತೇ ಇದ್ದಳು.

"ಅಕ್ಕಾ, ಅದು ಹಸಿರಾಗಲ್ಲ. ಬರೀ ಚಿತ್ರ ಅದು. ಹೋಗು."

"ಕೆಂಪಿದ್ದಾಗ ಹೇಗೋ ಹೋಗೋದು?"

ಹೋಗು ಹೋಗು ಎಂದು ಅವನು ಗೋಗರೆದ. ಗಾಬರಿಯಲ್ಲಿ ಅವಳ ಕಾಲು ಜಾರಿತು, ಕಾರು ನೆಟ್ಟಗೆ ಗೋಡೆಗೆ ಬಡಿಯಿತು.

ಬಡಿದದ್ದೇ ತಡ, ಪರದೆ ಗಕ್ಕನೆ ನಿಂತಿತು. ಕಂಪ್ಯೂಟರಿನ ಫ್ಯಾನು ಮಿಕ್ಸಿಯ ಹಾಗೆ ಅರಚತೊಡಗಿತು. ತಮ್ಮನ ಮುಖ ಸಪ್ಪಗಾಯಿತು. "ಬಾನೆಟ್ ಎಲ್ಲಿ ಮಡಚಬೇಕು, ಬಾಗಿಲು ಎಷ್ಟು ಸೊಟ್ಟಗಾಗಬೇಕು, ಎಲ್ಲಾ ಇದೇ ಲೆಕ್ಕ ಹಾಕ್ಬೇಕು. ಹಳೇದು ಪಾಪ, ಇದರ ಕೈಲಾಗಲ್ಲ."

ಆದರೆ ಅದು ಏದುಸಿರು ಬಿಡುತ್ತಲೇ ಲೆಕ್ಕ ಹಾಕುತ್ತಿತ್ತು. ಪರದೆ ಒಮ್ಮೆ ಮಿಸುಕಿತು, ದೀಪ ಒಡೆಯಿತು. ಇನ್ನೊಮ್ಮೆ ಮಿಸುಕಿತು, ಬಾನೆಟ್ ಇಸ್ತ್ರಿಯಿಲ್ಲದ ಅಂಗಿಯ ಹಾಗೆ ಮುದುಡಿತು. ಪಕ್ಕದ ಕನ್ನಡಿ ಕಳಚಿ ಗಾಳಿಯಲ್ಲೇ ನಿಂತಿತು. ಬ್ರೇಕಕ್ಕ ಬಿಟ್ಟ ಬಾಯಿ ಮುಚ್ಚದೆ ನೋಡಿದಳು. ವರ್ಷಗಟ್ಟಲೆ ತಾನು ಆಗಗೊಡದೆ ತಡೆದಿದ್ದ ಡಿಕ್ಕಿ ಹೇಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಇನ್ನೊಂದ್ಸಲ ಗುದ್ಲಾ?" ಎಂದಳು ಮೆಲ್ಲಗೆ.

ಆಮೇಲೆ ಕೆಲಸದಿಂದ ಬಂದವಳೇ ಬ್ಯಾಗನ್ನು ಮೂಲೆಗೆಸೆದು ಸ್ಟೀರಿಂಗ್ ಹಿಡಿಯುವುದೇ ರೂಢಿಯಾಯಿತು. ಬಸ್ಸಿಗೆ ಲಾರಿ ಗುದ್ದಿಸಿ ಎದ್ದು ಹೋಗಿ, ಪಾತ್ರೆ ತೊಳೆದು, ಬಟ್ಟೆ ಒಣಹಾಕಿ ಬಂದರೂ ಬಸ್ಸಿನ ಚಕ್ರ ಇನ್ನೂ ಹಾರುತ್ತಲೇ ಇರುತ್ತಿತ್ತು. ಅವಳು ಅಡುಗೆಮನೆಯಿಂದಲೇ ಕೇಳುತ್ತಿದ್ದಳು, "ರೀ, ಎಲ್ಲಿಗೆ ಬಂತು?"

ಗಂಡ ಪೇಪರಿನಿಂದ ತಲೆಯೆತ್ತಿ, "ಹಿಂದಿನ ಗಾಜು ಒಡೀತಾ ಇದೆ. ನಿಧಾನಕ್ಕೆ ಬಾ" ಎನ್ನುತ್ತಿದ್ದ. ಕಂಪ್ಯೂಟರ್ ಕಾದ ಹೆಂಚಿನಂತಾದಾಗ ಅವಳು ಅವನ ಮುಂದಿದ್ದ ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿದಳು. ಅವನು ಬೆವರುತ್ತಾ ಕೂತ.

ಆ ದಿನಗಳಲ್ಲೇ, ಕಾರು ಕಲಿಯಲು ಬರುತ್ತಿದ್ದ ನರ್ಸೊಬ್ಬಳು ಹಿಂದಕ್ಕೆ ತೆಗೆಯುವಾಗ ಸ್ಕೂಲಿನ ಗೇಟಿನ ಕಂಬಕ್ಕೆ ಗುದ್ದಿಬಿಟ್ಟಳು. ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿ ಕೂತಳು. ಬ್ರೇಕಕ್ಕ ಇಳಿದು ಬಂಪರ್ ನೋಡಿ ಲೊಚಗುಟ್ಟಿದಳು. "ಥೋ, ಎಷ್ಟು ಬೇಗ ಮುಗಿದುಹೋಯ್ತು. ಮಡಚಿದ್ದು ಕಾಣಿಸ್ಲೇ ಇಲ್ಲ."

ಮಾರನೆಯ ದಿನ ಆ ನರ್ಸ್ ಬೇರೆ ಟೀಚರನ್ನು ಕೇಳಿ ಹಾಕಿಸಿಕೊಂಡಳು.

ಅಕ್ಕ ಪಡುವ ಪಾಡು ಕಂಡು ತಮ್ಮನಿಗೆ ಕರುಳು ಚುರ್ ಎಂದಿತು. ಒಂದು ಭಾನುವಾರ ಹಳೆಯದನ್ನು ಕಿತ್ತು ಹೊಸ ಕಂಪ್ಯೂಟರ್ ಜೋಡಿಸಿಕೊಟ್ಟ. ಬ್ರೇಕಕ್ಕ ಲಾರಿಯನ್ನು ಬಸ್ಸಿಗೆ ಗುದ್ದಿಸಿದಳು. ಧಡ್ ಎಂದಿತು, ಅಲ್ಲಿಗೆ ಮುಗಿಯಿತು. ಫ್ಯಾನು ಉಸಿರೂ ಎತ್ತಲಿಲ್ಲ.

"ಇಷ್ಟೇನಾ?" ಎಂದಳು.

"ಇದೇ ಅಕ್ಕಾ ನಿಜವಾದ ವೇಗ. ನಿಧಾನ ಬೇಕಿದ್ರೆ ಈ ಗುಂಡಿ ಒತ್ತು."

ಒತ್ತಿ ನೋಡಿದಳು. ಬೆಣ್ಣೆ ಕರಗಿದ ಹಾಗೆ ನುಣ್ಣಗೆ ಎಲ್ಲವೂ ಮಡಚಿಕೊಂಡಿತು. ಅವಳಿಗೆ ರುಚಿಸಲಿಲ್ಲ. "ಅದು ಒದ್ದಾಡ್ಕೊಂಡು ಮಾಡ್ತಿತ್ತು ಕಣೋ. ಇದು ನಾಟಕ ಮಾಡುತ್ತೆ."

"ಹೊಸದಾದ್ರೂ ಇದಕ್ಕೂ ಒಂದು ಮಿತಿ ಇದ್ದೇ ಇರುತ್ತೆ ಅಲ್ವಾ?" ಎಂದ ಗಂಡ, ಪೇಪರ್ ಮಡಚುತ್ತಾ.

ಅವಳು ಗಂಡನ ಮುಖವನ್ನೇ ನೋಡಿದಳು. ಮದುವೆಯಾದಾಗಿನಿಂದ ಅವನು ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದ. ಇಬ್ಬರೂ ಸೇರಿ ಬಸ್ಸು, ಲಾರಿ, ಕ್ರೇನುಗಳನ್ನು ರಸ್ತೆ ತುಂಬುವಷ್ಟು ಸಾಲಾಗಿ ನಿಲ್ಲಿಸಿದರು. ತಮ್ಮ ಬೇಡ ಬೇಡ ಎನ್ನುತ್ತಿದ್ದ ಹಾಗೆಯೇ ಬ್ರೇಕಕ್ಕ ಪೂರ್ತಿ ಆಕ್ಸಿಲರೇಟರ್ ಒತ್ತಿದಳು.

ಪರದೆ ನಿಂತಿತು. ಹೊಸ ಫ್ಯಾನು ಮೆಲ್ಲಗೆ ನರಳಿತು, ಆಮೇಲೆ ಅರಚಿತು.

"ನೋಡಿ, ದೀಪ ಒಡೀತು" ಎಂದಳು ಬ್ರೇಕಕ್ಕ ಗಂಡನಿಗೆ. ತಮ್ಮನೋ, ತಲೆ ಮೇಲೆ ಕೈಹೊತ್ತು ಕೂತ.