ಎರಡು ಹೊಲದ ನಡುವಿನ ಒಡ್ಡು

ಮಾದನಹಿಪ್ಪರಗಾದಲ್ಲಿ ನಮ್ಮ ಹೊಲಕ್ಕೂ ಮೈದುನನ ಹೊಲಕ್ಕೂ ನಡುವೆ ಅಗಲವಾದ ಒಡ್ಡೊಂದಿತ್ತು. ಅದರ ಮೇಲೆ ಎರಡು ಬೇವು, ಸಾಲಾಗಿ ಬಾರಿ, ಅಂದರೆ ಎಲಚಿ ಗಿಡ, ಬುಡದಲ್ಲಿ ತಾನಾಗಿ ಹುಟ್ಟುವ ಸೊಪ್ಪು. ತೊಗರಿ ಹೂವಾದಾಗ ಜೇನು ಅಲ್ಲಿಂದಲೇ ಇಳಿಯುತ್ತಿತ್ತು. ಕಾಯಿಗೆ ಹುಳ ಬಿದ್ದರೆ ಬೇವಿನ ಮೇಲಿನ ಕಾಜಾಣಗಳು ಒಂದೊಂದೇ ಹೆಕ್ಕುತ್ತಿದ್ದವು. ಒಡ್ಡಿನ ಪಕ್ಕದ ಸಾಲುಗಳಿಗೆ ನಾವು ಎಣ್ಣೆ, ಅಂದರೆ ಹುಳದ ಔಷಧ, ಕಡಿಮೆ ಹೊಡೆಯುತ್ತಿದ್ದೆವು. ಇದನ್ನು ನಾನು ವರ್ಷವರ್ಷವೂ ನೋಡುತ್ತಾ ಬಂದವಳು.

ಹೋದ ವರ್ಷ ಮೈದುನ ಕಟ್ಟೆಯ ಮೇಲೆ ಕುಳಿತು ಮಾತು ತೆಗೆದ. “ವೈನಿ, ಆ ಒಡ್ಡ ತಗದ್ರ ನಾಕು ಸಾಲು ಹೆಚ್ಚಿಗಿ ಬರ್ತಾವ. ಹಕ್ಕಿಗೆ ಹೊಲ ಬರಕೊಟ್ಟು ಕುಂತೀರಲ್ಲ!”

“ಹಕ್ಕಿ ಕೂಲಿ ಕೇಳಂಗಿಲ್ಲಪ್ಪ. ಎಣ್ಣಿ ಹೊಡಿಯಾಂವ ಕೇಳ್ತಾನ.”

ಅವನು ನಕ್ಕ. “ಆತು ಬಿಡ್ರಿ, ನಿಮ್ಮ ಒಡ್ಡು ನಿಮಗ.” ನನ್ನ ಯಜಮಾನರೂ ತಲೆಯಾಡಿಸಿದರು.

ಎಳ್ಳಮಾವಾಸ್ಯೆಗೆ ಎಲ್ಲರೂ ಆ ಬೇವಿನ ಕೆಳಗೇ ಉಂಡೆವು. ಒಡ್ಡಿನ ಸೊಪ್ಪು, ಬಾರಿಕಾಯಿ ಎಲ್ಲ ಹಾಕಿ ನಾನು ಹಬ್ಬದ ಭಜ್ಜಿ ಪಲ್ಯ ಮಾಡಿದ್ದೆ. ಮೈದುನ ಎರಡು ಸಲ ಹಾಕಿಸಿಕೊಂಡ. ಭೂತಾಯಿಗೆ ಉಣಿಸುವ ಚರಗವನ್ನೂ ಅವನೇ ಹೊತ್ತು ಒಡ್ಡಿನುದ್ದಕ್ಕೂ ಚೆಲ್ಲಿದ.

ಮೂರನೆಯ ದಿನ ಬಾರಿಹಣ್ಣು ಆರಿಸಲು ಹೋದೆ. ಜೆಸಿಬಿ ನಿಂತಿತ್ತು, ಬೇವುಗಳು ಬೇರು ಮೇಲಾಗಿ ಬಿದ್ದಿದ್ದವು.

“ಯಾರ್ ಹೇಳಿದ್ರಪ್ಪ?”

“ನಿಮ್ಮ ಮೈದುನಾರು ಎಂಟು ದಿನದ ಹಿಂದನ ಹೇಳಿದ್ರಲ್ರೀ ಅಕ್ಕಾರ,” ಎಂದ ಡ್ರೈವರ್. “ಅಮಾಸಿ ಮುಗದ ಮ್ಯಾಗ ಬಾ ಅಂದ್ರು. ನಿಮ್ಮ ಯಜಮಾನ್ರೂ ಇದ್ರಲ್ರಿ.”

ಮೈದುನನ ಮೇಲೆ ಬಂದ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಯಜಮಾನರ ಮುಂದೆ ಅವನು ಹೊರಗಿನವನಂತೆ ಕಂಡ. ಮನೆಗೆ ಬಂದು ಇವರನ್ನು ಕೇಳಿದೆ: “ನಿಮಗ ಗೊತ್ತಿತ್ತೇನ್ರಿ?”

“ಹಬ್ಬದಾಗ ನಿನ್ನ ಮನಸ್ಸು ಯಾಕ ಕೆಡಸಬೇಕು ಅಂತ...” ಎಂದರು. ಒಡ್ಡು ಬೇಡವೆಂದು ಎದುರಿಗೇ ಹೇಳಿದ್ದರೆ ಜಗಳವಾಡುತ್ತಿದ್ದೆ, ಸೋಲುತ್ತಿದ್ದೆ. ಅದು ಬೇರೆ. ಗೊತ್ತಿದ್ದೂ ನನ್ನ ಪಕ್ಕದಲ್ಲಿ ಕುಳಿತು ಉಂಡರಲ್ಲ!

ಈ ಸಲ ಒಡ್ಡಿದ್ದ ಜಾಗದಲ್ಲಿ ನಾಲ್ಕು ಸಾಲು ತೊಗರಿ ಬಂದಿದೆ. ಕಾಯಿ ಬಿಡಿಸಿದರೆ ಹುಳ. ಮೊನ್ನೆ ಬೆಳಗ್ಗೆ ಇವರು ಪಂಪು ಹೆಗಲಿಗೇರಿಸಿ ಅಡುಗೆಮನೆ ಬಾಗಿಲಿಗೆ ಬಂದರು.

“ಇನ್ನೊಮ್ಮೆ ಎಣ್ಣಿ ಹೊಡೀಲೇನು? ಏನಂತೀ?”

ರೊಟ್ಟಿ ಬಡಿಯುತ್ತಲೇ ಹೇಳಿದೆ: “ನನ್ನ ಯಾಕ ಕೇಳ್ತೀರಿ?”

ಪಂಪಿನ ಪಟ್ಟಿ ಸರಿಮಾಡಿಕೊಂಡು ಹೋದರು.