ಮೂರು ಬಕೆಟ್ ನೀರು, ಹದಿಮೂರು ಮೆಟ್ಟಿಲು

ಮಧ್ಯಾಹ್ನ ಎರಡೂ ಕಾಲಿಗೆ ಹೆಂಡತಿಯ ಫೋನ್. ನಾನು ಬರ್ಚ್‌ವುಡ್‌ನ ಆಫೀಸಿನಲ್ಲಿದ್ದೆ.

"ರೀ, ನೀವು ಮನೆಗೆ ಬಂದಿದ್ದೀರಾ?"

"ಇಲ್ವಲ್ಲ. ಯಾಕೆ?"

"ಯಾರೋ ಮೆಟ್ಟಿಲು ಹತ್ತಿ ಬಂದ್ರು. ಬೆಡ್‌ರೂಮ್ ಬಾಗಿಲ ಹತ್ರ ಬಂದು ನಿಂತಿದ್ದಾರೆ." ವೀಣಾ ಪಿಸುಗುಟ್ಟುತ್ತಿದ್ದಳು.

ವೀಣಾ ಆಸ್ಪತ್ರೆಯಲ್ಲಿ ಡಾಕ್ಟರ್. ಪಾಳಿ ಪಟ್ಟಿಯಲ್ಲಿ ಆ ತಿಂಗಳೆಲ್ಲ ನೈಟ್ಸ್. ಸ್ಟಾಕ್‌ಪೋರ್ಟ್‌ನ ನಮ್ಮ ಹೊಸ ಮನೆಯಲ್ಲಿ, ಈ ಪರದೇಶದಲ್ಲಿ, ಹಗಲೆಲ್ಲ ಒಬ್ಬಳೇ ಮಲಗಿರುತ್ತಾಳೆ. ಇಂಥ ಹೊತ್ತಲ್ಲಿ ಒಳ್ಳೆಯ ಗಂಡ ಏನು ಮಾಡಬೇಕು? ನಾನು ನಕ್ಕೆ. (ಎಂಜಿನಿಯರುಗಳು ಹೆದರುವ ಮೊದಲು ಒಂದು ಸಲ ನಗುತ್ತಾರೆ.) "ಬಾಗಿಲು ತೆಗೆದು ನೋಡು" ಅಂದೆ. ತೆಗೆದಳು. ಯಾರೂ ಇರಲಿಲ್ಲ. ಮುಂಬಾಗಿಲಿಗೆ ಬೀಗ ಹಾಕಿದ್ದು ಹಾಗೇ ಇತ್ತು.

ಮರುದಿನ ಮತ್ತೆ ಬಂತು. ಅದರ ಮರುದಿನವೂ ಬಂತು. ಅದೇ ಎರಡೂ ಕಾಲು. ಒಂದೊಂದೇ ಹೆಜ್ಜೆ, ನಿಧಾನವಾಗಿ. ಅವಳು ಎಣಿಸಿದ್ದಳು, ಹದಿಮೂರು. ನಮ್ಮ ಮೆಟ್ಟಿಲುಗಳೂ ಹದಿಮೂರೇ.

ಮೂರನೆಯ ವಾರದ ಹೊತ್ತಿಗೆ ಅವಳ ಕಣ್ಣ ಸುತ್ತ ಕಪ್ಪಾಗಿತ್ತು. ನಾನು ತಮಾಷೆ ಮಾಡುತ್ತಲೇ ಇದ್ದೆ. ಒಂದು ಬೆಳಿಗ್ಗೆ ಕೋಟು ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ಕೂತುಬಿಟ್ಟಳು.

"ದೆವ್ವಕ್ಕೆ ಹೆದರ್ತಿಲ್ಲ ಕಣ್ರೀ. ನನ್ನ ತಲೆ ಕೆಟ್ಟಿದ್ಯೇನೋ ಅಂತ ಹೆದರ್ತಿದ್ದೀನಿ. ರಾತ್ರಿ ಒಂದು ಡೋಸ್ ಬರೆದು ಮೂರು ಸಲ ಓದ್ದೆ. ಆದ್ರೂ ನಂಬಿಕೆ ಬರ್ಲಿಲ್ಲ. ನಾಳೆ ಯಾರಿಗಾದ್ರೂ ತಪ್ಪು ಡೋಸ್ ಕೊಟ್ಟುಬಿಟ್ರೆ?"

ನನಗೆ ನಗು ಬರಲಿಲ್ಲ. ಅವತ್ತು ಮನೆಯಿಂದಲೇ ಕೆಲಸ ಅಂತ ಮೆಸೇಜ್ ಹಾಕಿದೆ.

ಹೊರಗೆ ಒಳ್ಳೆಯ ಬಿಸಿಲಿತ್ತು (ಇಲ್ಲಿ ಅದೇ ಒಂದು ವಿಶೇಷ). ಪಕ್ಕದ ಮನೆಯವರು ಬಟ್ಟೆ ಒಣಹಾಕುತ್ತಿದ್ದರು. ವೀಣಾ ಮೇಲೆ ಮಲಗಿದ್ದಳು. ಎರಡೂ ಕಾಲಾಯಿತು. ಟಕ್. ನಾನು ಮೆಟ್ಟಿಲ ಕೆಳಗಿನ ಹಾಲ್‌ಗೆ ಬಂದು ನಿಂತೆ. ಎರಡನೆಯ ಮೆಟ್ಟಿಲಲ್ಲಿ ಟಕ್. ಮೂರನೆಯದರಲ್ಲಿ. ಖಾಲಿ ಮೆಟ್ಟಿಲುಗಳು, ಕಾರ್ಪೆಟ್ಟಿನ ಒಂದು ಎಳೆಯೂ ಅಲುಗುತ್ತಿಲ್ಲ. ಶಬ್ದ ನನ್ನ ಕಣ್ಣೆದುರಿಗೇ ಸೊಂಟದ ಎತ್ತರಕ್ಕೆ ಬಂತು, ತಲೆಯ ಎತ್ತರ ದಾಟಿತು, ಮೇಲಕ್ಕೆ ಹೋಯಿತು. ನನ್ನ ಹೆಂಡತಿ ಮಲಗಿದ್ದ ಕೋಣೆಯ ಮುಂದೆ ನಿಂತಿತು. ನಾನು ಹಿಂದೆ ಹತ್ತಬೇಕಿತ್ತು. ನಾಚಿಕೆಗೇಡು, ಕೆಳಗೇ ನಿಂತುಬಿಟ್ಟೆ.

ಮಾರನೆಯ ದಿನ ಬಡಗಿಯನ್ನು ಕರೆಸಿದೆ. ಕೀತ್ ಅಂತ, ಅರವತ್ತು ದಾಟಿದ ಮನುಷ್ಯ. ಬಂದವನೇ ಹಾಲ್‌ನ ಗೋಡೆಗೆ ಬೆರಳಲ್ಲಿ ಬಡಿದ. ಬುಡುಬುಡು ಅಂತ ಟೊಳ್ಳು ಸದ್ದು.

"ಟಿಂಬರ್ ಫ್ರೇಮ್" ಎಂದ.

"ಇಲ್ಲಪ್ಪ, ಇಟ್ಟಿಗೆ ಮನೆ. ಕೊಳ್ಳುವಾಗ ಹೊರಗೆ ತಟ್ಟಿ ನೋಡಿದ್ದೇನೆ" ಅಂದೆ.

ಅವನಿಗೆ ನಗು. ಇಟ್ಟಿಗೆ ಮೈಮೇಲಿನ ಕೋಟು ಅಷ್ಟೇ, ಮನೆಯನ್ನು ಹೊತ್ತು ನಿಂತಿರುವುದು ಮರ ಅಂದ. ಮರದ ಗೋಡೆಗಳು ಫ್ಯಾಕ್ಟರಿಯಲ್ಲೇ ತಯಾರಾಗಿ ಲಾರಿಯಲ್ಲಿ ಬರುತ್ತವಂತೆ, ಕೆಲವೇ ದಿನದಲ್ಲಿ ನಿಲ್ಲಿಸಿಬಿಡುತ್ತಾರಂತೆ. ಇಲ್ಲಿನ ಮಳೆಯಲ್ಲಿ ಗಾರೆ ಒಣಗಲಿ ಅಂತ ಯಾರು ಕಾಯುತ್ತಾರೆ? ಗೋಡೆಯ ಒಳಗೆ ಉಣ್ಣೆಯಂಥದ್ದನ್ನು ತುಂಬಿದರೆ ಚಳಿಗಾಲಕ್ಕೂ ಬೆಚ್ಚಗೆ. "ಮತ್ತೆ ಇಟ್ಟಿಗೆ ಯಾಕೆ?" ಅಂದೆ. "ಮಳೆಗೆ. ಜೊತೆಗೆ ನಿಮ್ಮಂಥವರು ತಟ್ಟಿ ನೋಡುತ್ತಾರಲ್ಲ, ಅದಕ್ಕೆ."

ಆಮೇಲೆ ಕಾರ್ಪೆಟ್ಟಿನ ಮೂಲೆ ಎತ್ತಿದ. ಮೂಸಿದ. ಮುಖದ ನಗು ಹೋಯಿತು. "ಇಲ್ಲಿಗೆ ಇಷ್ಟು ನೀರು ಎಲ್ಲಿಂದ ಬಂತು?"

ಓದುಗರೇ, ನಿಮ್ಮ ಹತ್ತಿರ ಮುಚ್ಚಿಡುವುದೇನು? ವಿಜಯದಶಮಿಯ ದಿನ ಗೃಹಪ್ರವೇಶ. ಹಿಂದಿನ ದಿನ ವೀಣಾ ಡ್ಯೂಟಿಯಲ್ಲಿದ್ದಳು. ಹಾಲು ಉಕ್ಕಿಸುವ ಮೊದಲು ಮನೆ ತೊಳೆಯಬೇಡವೇ? ಕಾರ್ಪೆಟ್ ಇನ್ನೂ ಹಾಸಿರಲಿಲ್ಲ. ಪಂಚೆ ಎತ್ತಿ ಕಟ್ಟಿ, ಮೈಸೂರಿನಲ್ಲಿ ಅಮ್ಮ ಮಾಡುತ್ತಿದ್ದಂತೆ ಮೇಲಿನ ಮೆಟ್ಟಿಲಿಂದ ಶುರುಮಾಡಿ ಮೂರು ಬಕೆಟ್ ನೀರು ಹುಯ್ದೆ. ಪೊರಕೆ ಹಿಡಿದು ಕೆಳಗೆ ಬಂದು ನೀರು ಹೊರಹೋಗುವ ತೂತು ಹುಡುಕಿದೆ. ಇರಲಿಲ್ಲ. ಹಿಂತಿರುಗಿ ನೋಡಿದೆ. ನೀರೂ ಇರಲಿಲ್ಲ.

ಮನೆ ಕುಡಿದುಬಿಟ್ಟಿತ್ತು! ಬೈಯಿಸಿಕೊಳ್ಳುವುದು ಯಾಕೆಂದು ನಾನೂ ಸುಮ್ಮನಿದ್ದೆ.

ಮರ ನೀರು ಕುಡಿದು ಉಬ್ಬಿದೆ, ಈಗ ಒಣಗಿ ಕುಗ್ಗುತ್ತಿದೆ, ಮೆಟ್ಟಿಲುಗಳನ್ನು ಹಿಡಿದಿಟ್ಟ ಬೆಣೆಗಳೆಲ್ಲ ಸಡಿಲ ಅಂದ ಕೀತ್. ಮನೆ ಬೆಚ್ಚಗಿಡುವ ಹೀಟಿಂಗ್ ದಿನಾ ಎರಡು ಗಂಟೆಗೆ ತಾನಾಗಿ ಶುರುವಾಗುತ್ತದೆ. ಕೆಳಗಿನ ಮೆಟ್ಟಿಲಿನ ಪಕ್ಕದಲ್ಲೇ ರೇಡಿಯೇಟರ್. ಬಿಸಿ ಒಂದೊಂದೇ ಮೆಟ್ಟಿಲು ಏರುತ್ತದೆ, ಒಂದೊಂದೇ ಹಲಗೆ ಟಕ್ ಅನ್ನುತ್ತದೆ. ಇಷ್ಟೇ.

ಅವತ್ತು ಸಂಜೆ ಎಲ್ಲ ಹೇಳಿದೆ. ವೀಣಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೂರು ವಾರ ನನಗೆ ಹುಚ್ಚು ಹಿಡೀತಿದೆ ಅಂದ್ಕೊಂಡಿದ್ದೆ. ನೀವು ನಗ್ತಾ ಇದ್ರಿ" ಅಂದಳು, ಅಷ್ಟೇ. ಕಲ್ಲಿನ ಮನೆಯಲ್ಲಿ ಬೆಳೆದವರಿಗೆ ಗೋಡೆ ಅಂದರೆ ಜಡ. ಏನು ಸುರಿದರೂ ಹೊರಗೆ ಹರಿದು ಹೋಗುತ್ತದೆ ಅಂತ ನಂಬಿಕೆ. ಹೆಂಡತಿಯ ಮಾತನ್ನೂ ಹಾಗೇ ಹರಿದುಹೋಗಲಿ ಅಂತ ಬಿಟ್ಟಿದ್ದೆನೇ?

ಕೀತ್ ಎರಡು ದಿನ ಕೂತು ಅಂಟು ಹಾಕಿದ, ಸ್ಕ್ರೂ ಬಿಗಿದ. ಈಗ ಆನೆ ಹತ್ತಿದರೂ ಸದ್ದಿಲ್ಲ.

ಮೊನ್ನೆ ಗುರುವಾರ ಬೇಗ ಮನೆಗೆ ಬಂದೆ. ಎರಡೂವರೆ. ವೀಣಾ ಹಾಸಿಗೆಯ ಮೇಲೆ ಎದ್ದು ಕೂತು ಬಾಗಿಲನ್ನೇ ನೋಡುತ್ತಿದ್ದಳು.

"ಶಬ್ದ ನಿಂತೋಯ್ತಲ್ಲ. ಇನ್ನೂ ಯಾಕೆ ನಿದ್ದೆ ಇಲ್ಲ?"

"ದಿನಾ ಹತ್ತಿ ಬರೋದು ಕೇಳಿಸ್ತಿತ್ತು" ಅಂದಳು. "ಇಳಿದು ಹೋಗೋದು ಒಂದು ದಿನಾನೂ ಕೇಳಿಸ್ಲಿಲ್ಲ."

ಬಿಸಿ ಮೇಲಕ್ಕೇ ಅಲ್ಲವೇ ಏರುವುದು ಎನ್ನಲು ಬಾಯಿ ತೆರೆದೆ. ಈ ಸಲ ನಗಲಿಲ್ಲ, ಹೋಗಿ ಪಕ್ಕದಲ್ಲಿ ಕೂತೆ. ಇಬ್ಬರೂ ಬಾಗಿಲು ನೋಡಿದೆವು.

ಮೆಟ್ಟಿಲುಗಳ ಬಾಯಿಯನ್ನಂತೂ ಸ್ಕ್ರೂ ಹಾಕಿ ಮುಚ್ಚಿಸಿದ್ದೇನೆ. ಇನ್ನು ಅದು ಇಳಿದು ಹೋದರೂ ನಮಗೆ ಗೊತ್ತಾಗುವುದು ಹೇಗೆ?